ಆಕಳಿಕೆಯ ಪರೀಕ್ಷೆ

ಫಿಜಿಯ ನಮ್ಮ ದ್ವೀಪದ ಶಾಲೆಯ ಮೆರೆವಾಲೇಸಿ ಮೇಡಂ ಇಂಟರ್‌ನೆಟ್ಟಿನ ಪುಕ್ಕಟೆ ಪಾಠಗಳನ್ನು ಸುಮ್ಮನೆ ನಂಬುವವರಲ್ಲ. ಸಂಜೆ ಸಿಗ್ನಲ್ ಸಿಗುವ ದಿಬ್ಬ ಹತ್ತಿ, ಓದು ಕಲಿಸುವ ಪಾಠಗಳನ್ನು ಹುಡುಕುತ್ತಾರೆ. ನಮಗೆ ಸುಡುಬೇಸಿಗೆಯಾದ ಡಿಸೆಂಬರಿನಲ್ಲಿ ಹಿಮ ಸುರಿಯುವ ಪಾಠವನ್ನು ಅಲ್ಲೇ ಬಿಟ್ಟು, ಉಳಿದದ್ದನ್ನು ಇಳಿಸಿಕೊಂಡು ಬಂದು ಮೊದಲು ಮೀನುಗಾರ ಗಂಡ ಇಲಿಯೇಸಾನ ಮೇಲೆ ಪ್ರಯೋಗಿಸುತ್ತಾರೆ. “ದೊಡ್ಡ ಯೂನಿವರ್ಸಿಟಿಯೋರು ಮಾಡಿದ್ದು ಮೇಡಂ, ಕಣ್ಮುಚ್ಚಿ ನಂಬಬಹುದು” ಎಂದೆ ಒಮ್ಮೆ, ಅದೇ ಶಾಲೆಯಲ್ಲಿ ಪಾಠ ಮಾಡುವ ನಾನು. “ಯಾರಾದ್ರೂ ಮಾಡ್ಲಿ, ನಮ್ಮನೇವ್ರು ಆಕಳಿಸಿದ್ರು” ಎಂದು ಆ ಪಾಠವನ್ನು ಅಳಿಸಿಯೇಬಿಟ್ಟರು. ಇಲಿಯೇಸಾ ಬಲೆ ಹೆಣೆಯುತ್ತಲೇ ಗೊಣಗುತ್ತಾನೆ: “ಮಕ್ಕಳಿಗಾದ್ರೆ ರಜೆ ಇದೆ, ನನಗೆ ಅದೂ ಇಲ್ಲ.” ಶಾಲೆಯಲ್ಲಿ ನಾವೆಲ್ಲ ಇದನ್ನು ಹೇಳಿಕೊಂಡು ನಗುತ್ತಿದ್ದೆವು. ಚರ್ಚಿನಲ್ಲಿ ಓದಲು ಕರೆದಾಗಲೆಲ್ಲ “ಕನ್ನಡಕ ಮರೆತೆ” ಎಂದು ತಪ್ಪಿಸಿಕೊಳ್ಳುತ್ತಿದ್ದ ಇಲಿಯೇಸಾ, ಕಳೆದ ಭಾನುವಾರ ಕನ್ನಡಕವಿಲ್ಲದೆಯೇ ಎದ್ದು ನಿಂತು, ಸಾಲಿನ ಮೇಲೆ ಬೆರಳಿಟ್ಟುಕೊಂಡು, ಬೈಬಲ್ಲಿನ ಒಂದು ವಚನವನ್ನು ಕೊನೆಯವರೆಗೂ ಓದಿದ. ಮೇಡಂ ತಲೆ ಎತ್ತಲಿಲ್ಲ. ಅವರ ತುಟಿ ಮಾತ್ರ ಅವನ ಜೊತೆಗೇ ಅಲುಗುತ್ತಿತ್ತು.