ಉಸ್ತಾದರ ಕಂದೀಲಿನ ಗಾಜು

ಮೊನ್ನೆ ನಮ್ಮ ಸೊಸೆ ಕಾದ ಹಂಚನ್ನು ಅವಸರದಲ್ಲಿ ಒದ್ದೆ ಪೇಪರಿನ ಮೇಲೆ ಇಟ್ಟುಬಿಟ್ಟಳು. ಚುಂಯ್ ಎಂದು ಹೊಗೆ ಎದ್ದಿತು. ಅವಳು ಕಿಟಕಿ ತೆರೆಯಲು ಓಡಿದರೆ ನಾನು ಅಲ್ಲೇ ನಿಂತು ಆ ವಾಸನೆಯನ್ನು ಮೂಗಿನ ತುಂಬ ಎಳೆದುಕೊಂಡೆ. "ಅತ್ತಿ, ಏನಾತ್ರಿ ನಿಮಗ? ಈ ಕಡೆ ಬರ್ರಿ" ಎಂದು ಗಾಬರಿಯಾದಳು. ಏನೂ ಆಗಿರಲಿಲ್ಲ. ನೆಂದ ಕಾಗದ ಸುಟ್ಟ ವಾಸನೆ ಬಂದರೆ ಉಸ್ತಾದರು ಬಂದು ಎದುರಿಗೆ ಕೂತಂತಾಗುತ್ತದೆ, ಅಷ್ಟೇ.

ಉಸ್ತಾದರು ಗಾಜು ಊದುವವರು. ಪ್ರಾಯವನ್ನೆಲ್ಲ ಮಹಾರಾಷ್ಟ್ರದ ಕಾರ್ಖಾನೆಗಳಲ್ಲಿ ಕಳೆದು, ಆಮೇಲೆ ತಮ್ಮೂರು ಹತ್ತರಗಿಗೆ ಬಂದು, ಹೆದ್ದಾರಿಯ ಪಕ್ಕ ತಗಡಿನ ಶೆಡ್ಡಿನಲ್ಲಿ ಸಣ್ಣದೊಂದು ಭಟ್ಟಿ ಹಾಕಿಕೊಂಡಿದ್ದರು. ಧಾಬಾಗಳಲ್ಲಿ ಒಡೆದ ಬಾಟಲಿಗಳೇ ಅವರ ಮಾಲು. ವರ್ಷಕ್ಕೊಮ್ಮೆ ಶಿಬಿರ ನಡೆಸುತ್ತಿದ್ದರು. ಶಿಬಿರ ಅಂದರೆ ಭಾಷಣ, ಪಾಠ ಏನೂ ಇಲ್ಲ. ಬಂದವರ ಕೈಗೆ ಕಬ್ಬಿಣದ ಊದುಕೊಳವೆ ಕೊಟ್ಟು ಬೆಳಗಿನಿಂದ ಸಂಜೆಯವರೆಗೆ ಬೆಂಕಿಯ ಮುಂದೆ ನಿಲ್ಲಿಸುವುದು.

ನಾನು ಗೋಕಾಕದವಳು. ನಮ್ಮದು ಕಟ್ಟಿಗೆಯಲ್ಲಿ ಗೊಂಬೆ, ಹಣ್ಣು, ಕಾಯಿಪಲ್ಲೆ ಕೆತ್ತಿ ಬಣ್ಣ ಹಚ್ಚುವ ಮನೆತನ. ಕಟ್ಟಿಗೆಯ ದ್ರಾಕ್ಷಿಗೆ ಎಷ್ಟು ಬಣ್ಣ ಹಚ್ಚಿದರೂ ಅದರೊಳಗೆ ಬೆಳಕು ಹೋಗುವುದಿಲ್ಲ. ಗಾಜಿನಲ್ಲಿ ಮಾಡಿದರೆ ಹೇಗೆ ಎಂಬ ಹುಚ್ಚು ಹತ್ತಿ ಒಂದು ವರ್ಷ ಅವರ ಶಿಬಿರಕ್ಕೆ ಹೊರಟೆ. ಬಂದವರಲ್ಲಿ ಹೆಚ್ಚಿನವರು ಧಗೆಗೆ ಹೆದರಿ ಮರುದಿನವೇ ಮಾಯವಾದರು. ಕೊನೆಗೆ ಉಳಿದವರು ನಾನು ಮತ್ತು ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುವ ಮೂಡಲಗಿಯ ಒಬ್ಬರು. ಉಸ್ತಾದರ ಬಾಯಲ್ಲಿ ಅವರು ಬ್ಯಾಂಡ್ ಮಾಸ್ತರ, ನಾನು ಗೊಂಬಿಯವ್ವ.

ಉಸ್ತಾದರ ಮೊಣಕೈಯಿಂದ ಕೆಳಗೆ ಒಂದು ಕೂದಲೂ ಇರಲಿಲ್ಲ, ಎಲ್ಲವೂ ಭಟ್ಟಿಗೆ ಅರ್ಪಣೆಯಾಗಿತ್ತು. ಹುಬ್ಬೂ ಅರ್ಧವೇ. ಪೇಪರನ್ನು ದಪ್ಪಗೆ ಮಡಚಿ, ನೀರಲ್ಲಿ ನೆನೆಸಿ, ಅದನ್ನು ಅಂಗೈಯಲ್ಲಿಟ್ಟುಕೊಂಡು ಕೆಂಪಗೆ ಕಾದ ಗಾಜಿಗೆ ಆಕಾರ ಕೊಡುತ್ತಿದ್ದರು. ಬಣ್ಣದ ಪುಟ ಮಾತ್ರ ನಡೆಯುತ್ತಿರಲಿಲ್ಲ. "ಆ ಹೀರೋಯಿನ್ ಇದ್ದ ಹಾಳಿ ತಗದ ಒಗೀರಿ. ಗಾಜಿಗೆ ಹತ್ತತೈತಿ" ಎನ್ನುತ್ತಿದ್ದರು. ಒದ್ದೆ ಕಾಗದ ಸುಡುವ ವಾಸನೆ ಇಡೀ ದಿನ ನನ್ನ ಸೀರೆಗೆ, ತಲೆಗೂದಲಿಗೆ...

ಬ್ಯಾಂಡ್ ಮಾಸ್ತರರಿಗೆ ತಮ್ಮ ಉಸಿರಿನ ಮೇಲೆ ಭಾರಿ ಭರವಸೆ. ಹೊಸತರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಹಾಗೆ, ಗಲ್ಲ ಉಬ್ಬಿಸಿ ಊದಿದರು. ಗಾಜು ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗಾಗಿ ಪಟ್ಟನೆ ಒಡೆಯಿತು. "ಮಾಸ್ತರ, ಇದು ಮದುವಿ ಮೆರವಣಿಗಿ ಅಲ್ರಿ. ಮಲಗಿದ ಕೂಸಿನ ಮಾರಿ ಮ್ಯಾಲೆ ಊದಿದಂಗ ಊದ್ರಿ" ಎಂದರು ಉಸ್ತಾದರು.

ನನ್ನ ರೋಗ ಬೇರೆ. ಕೆತ್ತುವವರಿಗೆಲ್ಲ ಒಂದು ಚಾಳಿ ಇರುತ್ತದೆ: ನಡುನಡುವೆ ಕೆಲಸ ನಿಲ್ಲಿಸಿ, ಮಾಡಿದ್ದನ್ನು ಕೈಯಳತೆ ದೂರದಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವುದು. ಕಟ್ಟಿಗೆ ಪಾಪ ಎಷ್ಟು ಹೊತ್ತಾದರೂ ಕಾಯುತ್ತದೆ. ಬಿಸಿ ಗಾಜು ಕಾಯುವುದಿಲ್ಲ. ಕೊಳವೆಯನ್ನು ತಿರುಗಿಸುತ್ತಲೇ ಇರಬೇಕು; ನಿಲ್ಲಿಸಿದರೆ ಗಾಜು ಒಂದೇ ಕಡೆ ಜೋತುಬಿದ್ದು ಕೆಡುತ್ತದೆ. ಇದೆಲ್ಲ ತಿಳಿದಿದ್ದರೂ ಗಾಜು ಚೆನ್ನಾಗಿ ದುಂಡಗಾಗುತ್ತಿದ್ದಂತೆ ನನ್ನ ಕೈ ತಾನಾಗಿ ನಿಲ್ಲುತ್ತಿತ್ತು, ಒಂದು ಕಣ್ಣು ಮುಚ್ಚುತ್ತಿತ್ತು. "ತಿರುವ! ತಿರುವ!" ಎಂದು ಉಸ್ತಾದರು ಹಾಡಿದ್ದೇ ಹಾಡುತ್ತಿದ್ದರು. ಅಷ್ಟರಲ್ಲಿ ನನ್ನ ದ್ರಾಕ್ಷಿ ಬದನೆಕಾಯಿಯಾಗಿರುತ್ತಿತ್ತು.

ಒಂದು ಸಂಗತಿ ಮಾತ್ರ ನಮಗೆ ತಿಳಿಯುತ್ತಿರಲಿಲ್ಲ. ಎಲ್ಲವನ್ನೂ ಮಾಡಿ ತೋರಿಸುವ ಉಸ್ತಾದರು ಒಮ್ಮೆಯೂ ಊದಿ ತೋರಿಸಲಿಲ್ಲ. ಅದನ್ನು ಬಿಡಿಸಿ ಹೇಳಿದವರು ಅವರ ಹೆಂಡತಿ, ನಮ್ಮೆಲ್ಲರ ಚಾಚಿ. ಚಹಾ ತಂದವರು ನನ್ನನ್ನು ಬದಿಗೆ ಕರೆದು, "ಡಾಕ್ಟರ್ ಊದಬ್ಯಾಡ ಅಂದಾರವಾ. ಎದಿ ಪೂರಾ ಹೋಗೈತಿ" ಎಂದರು.

ಚಾಚಿಯ ಚಿಂತೆ ಅಷ್ಟೇ ಆಗಿರಲಿಲ್ಲ. ಊರ ದರ್ಗಾದ ದೊಡ್ಡ ಕಂದೀಲಿಗೆ ಪ್ರತಿವರ್ಷ ಉರುಸಿಗೆ ಮುಂಚಿನ ಗುರುವಾರ ಹೊಸ ಗಾಜು ಹಾಕುವುದು ಉಸ್ತಾದರ ಸೇವೆ. ಹಳೆಯ ಗಾಜು ಬೇಡಿಕೊಂಡವರ ಮನೆಗೆ ಹೋಗುತ್ತಿತ್ತು. ಕಾರ್ಖಾನೆಯಲ್ಲಿದ್ದ ದಿನಗಳಲ್ಲೂ ಅವರು ಇದನ್ನು ತಪ್ಪಿಸಿದವರಲ್ಲ; ಗಾಜನ್ನು ಹುಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತರುತ್ತಿದ್ದರಂತೆ. ಈ ವರ್ಷ ಗುರುವಾರ ಹತ್ತಿರ ಬಂದಿತ್ತು, ಊದಲು ಉಸಿರಿರಲಿಲ್ಲ. "ಅಂಗಡಿ ಗಾಜ ಹಾಕಿದ್ರೂ ದೀಪ ಉರೀತೈತಿ. ಆದ್ರ ಇವ್ರು ಮಾತ್ರ ಇನ್ನ ದರ್ಗಾದ ಕಡೆ ಹಾಯಂಗಿಲ್ಲ, ನೋಡ" ಎಂದರು ಚಾಚಿ. ನಾನು ಚಹಾದ ಕಪ್ಪು ಕೆಳಗಿಟ್ಟು ಮಾಸ್ತರರನ್ನು ಕರೆದು ಎಲ್ಲ ಹೇಳಿದೆ.

ನಾವು ಮಾಡುತ್ತೇವೆ ಅಂದಾಗ ಉಸ್ತಾದರು ಒಪ್ಪಲಿಲ್ಲ. ಇಷ್ಟು ವರ್ಷ ತಾವೇ ಊದಿದ್ದು, ಈಗ ಇನ್ನೊಬ್ಬರು ಊದಿದ್ದನ್ನು ಹೇಗೆ ಒಯ್ಯುವುದು ಎಂದು ತಲೆ ಅಲ್ಲಾಡಿಸಿದರು. ಚಾಚಿಯೇ ಗದರಿದರು. "ಗಾಳಿಗೆ ದೀಪ ಆರದಿದ್ರ ಸಾಕ್ರಿ. ಯಾರರೆ ಊದ್ಲಿ, ಗಟ್ಟಿ ಮಾಡಸ್ರಿ."

ಅಂದಿನಿಂದ ದ್ರಾಕ್ಷಿ ಮೂಲೆಗೆ ಸೇರಿತು. ಚಾಚಿ ಬೆಲ್ಲದ ಪಾಕ ಕಾಸಿಕೊಟ್ಟರು. ಕೋಲಿನ ತುದಿಗೆ ಪಾಕ ಸುತ್ತಿಕೊಂಡು, ಒಂದು ಹನಿಯೂ ಬೀಳದಂತೆ ತಿರುಗಿಸುವುದೇ ನನ್ನ ಅಭ್ಯಾಸ. ಕರದಂಟಿನ ಊರಿನವಳಿಗೆ ಬೆಲ್ಲದ ಪಾಕದ ಪಾಠವೇ ಎಂದು ಮಾಸ್ತರರು ನಕ್ಕರು. ಉಸ್ತಾದರು ನನ್ನ ಬೆಂಚನ್ನು ಹೆದ್ದಾರಿಯ ಕಡೆ ತಿರುಗಿಸಿ ಹಾಕಿದರು. "ಕೈಯಾಗಿಂದು ನೋಡಬ್ಯಾಡ. ರಸ್ತಾ ನೋಡ. ಲಾರಿ ನೋಡ. ಕೈ ತನ್ನ ಕೆಲಸ ತಾ ಮಾಡತೈತಿ." ನೋಡದೆ ಮಾಡುವುದು ನನಗೆ ಬಟ್ಟೆ ಕಟ್ಟಿದ ಕಣ್ಣಲ್ಲಿ ಅಡುಗೆ ಮಾಡಿದಷ್ಟು ಕಷ್ಟವಾಯಿತು.

ಬುಧವಾರ ಮೊದಲ ಗಾಜು ಕೈಕೊಟ್ಟಿತು. ಅದು ಕುಂಬಳಕಾಯಿಯ ಹಾಗೆ ಉಬ್ಬುತ್ತಿದ್ದ ಚಂದಕ್ಕೆ ನಾನು ಒಂದೇ ಒಂದು ಸಲ ತಿರುಗಿ ನೋಡಿದ್ದೆ. ಉಸ್ತಾದರು ಅದನ್ನು ತಟ್ಟಿ ಒಡೆದು ಚೂರುಗಳ ಬುಟ್ಟಿಗೆ ಕೆಡವಿ, ಕೊಳವೆಯನ್ನು ಮತ್ತೆ ನನ್ನ ಕೈಗೆ ಕೊಟ್ಟರು. ಎರಡನೆಯದಕ್ಕೆ ಕೂತಾಗ ನಾನು ಹೆದ್ದಾರಿಯಿಂದ ಕಣ್ಣು ಕೀಳಲಿಲ್ಲ. ಕೊಳವೆಯ ಆಚೆ ತುದಿಯಲ್ಲಿ ಮಾಸ್ತರರು ಮಂಡಿಯೂರಿ, ಎಂಥ ರಾಗಕ್ಕೂ ಊದದಷ್ಟು ಮೆಲ್ಲಗೆ ಊದಿದರು. ನನ್ನ ಬಲಗಡೆ ಒದ್ದೆ ಪೇಪರು ಚುಂಯ್‌ಗುಡುತ್ತಿತ್ತು, ಹೊಗೆ ಮುಖಕ್ಕೆ ಬರುತ್ತಿತ್ತು, "ಹಾಂ... ಹಾಂ... ಹಿಂಗ" ಎಂದು ಉಸ್ತಾದರು ಪಿಸುಗುಡುತ್ತಿದ್ದರು. ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಾಕಿಕೊಂಡು ಹೋದದ್ದು ನೆನಪಿದೆ. ಕಂದೀಲಿನ ಗಾಜಿಗೆ ಮೇಲೊಂದು ಕೆಳಗೊಂದು ಬಾಯಿ ಬೇಕು; ಅವನ್ನು ತೆರೆದವರು ಉಸ್ತಾದರೇ. ನಿಧಾನವಾಗಿ ಆರಲೆಂದು ಅದು ಬಿಸಿ ಬೂದಿಯ ಪೆಟ್ಟಿಗೆಗೆ ಹೋಗುವವರೆಗೂ ನಾನು ಅದರ ಮುಖ ನೋಡಲಿಲ್ಲ.

ಗುರುವಾರ ಬೆಳಿಗ್ಗೆ ಪೆಟ್ಟಿಗೆ ತೆರೆದರು. ಗಾಜು ಇಡಿಯಾಗಿತ್ತು. ತುಸು ಎಡಕ್ಕೆ ವಾಲಿತ್ತು, ಕತ್ತಿನ ಹತ್ತಿರ ಒಂದು ಗುಳ್ಳೆಯೂ ಇತ್ತು. ಉಸ್ತಾದರು ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಕೆಮ್ಮು ಬಂತು, ತಡೆದುಕೊಂಡು ಮತ್ತೆ ನೋಡಿದರು. ನನ್ನನ್ನು ಹೆಣ್ಣು ನೋಡಲು ಬಂದವರ ಮುಂದೆಯೂ ನಾನು ಅಷ್ಟು ಹೆದರಿ ನಿಂತಿರಲಿಲ್ಲ.

"ಹೂಂ" ಎಂದರು. ತಲೆಯ ರುಮಾಲು ಬಿಚ್ಚಿ ಅದರಲ್ಲಿ ಗಾಜನ್ನು ಸುತ್ತಿದರು.

ಸಂಜೆ ದರ್ಗಾದಲ್ಲಿ ದೀಪ ಹಚ್ಚಿದಾಗ ನಮ್ಮಿಬ್ಬರನ್ನೂ ಮುಂದೆ ನಿಲ್ಲಿಸಿಕೊಂಡರು. ಬಂದವರಿಗೆಲ್ಲ ಕೈ ಮಾಡಿ ತೋರಿಸುತ್ತಿದ್ದರು, "ಇವ್ರು ಊದಿದಾರ, ಈಕಿ ತಿರುವ್ಯಾಳ." ನನಗೆ ಆದ ಖುಷಿಯನ್ನು ಹೇಗೆ ಹೇಳಲಿ... ಗೋಕಾಕಕ್ಕೆ ಬರುವ ಬಸ್ಸಿನ ತುಂಬ ಒಬ್ಬಳೇ ನಗುತ್ತ ಬಂದೆ.

ಮುಂದಿನ ಉರುಸಿಗೆ ಉಸ್ತಾದರು ಇರಲಿಲ್ಲ. ಭಟ್ಟಿ ಆರಿತು. ದರ್ಗಾದ ಕಂದೀಲಿಗೆ ನಮ್ಮ ಗಾಜೇ ಉಳಿಯಿತು. ಶೆಡ್ಡಿನಲ್ಲಿ ಈಗ ಲಾರಿ ಟೈರಿಗೆ ಪಂಕ್ಚರ್ ಹಾಕುತ್ತಾರೆ. ನಾನು ಕಟ್ಟಿಗೆಯ ಕೆಲಸದಲ್ಲೇ ನೆಮ್ಮದಿಯಾಗಿದ್ದೇನೆ, ನನ್ನ ದ್ರಾಕ್ಷಿಯೊಳಗೆ ಇಂದಿಗೂ ಬೆಳಕು ಹೋಗುವುದಿಲ್ಲ.

ಹಂಚಿನ ಹೊಗೆ ಆರಿದ ಮೇಲೆ ಚಾಚಿಗೆ ಫೋನ್ ಮಾಡಿದೆ. ಉರುಸು ಹತ್ತಿರ ಬಂದಿದೆಯಲ್ಲ, ಆ ವಾಲಿದ ಗಾಜೇ ಎಷ್ಟು ವರ್ಷ ಇರುವುದು, ಊದುವವರು ಬೇರೆ ಕಡೆ ಇದ್ದಾರೆ, ಈ ಸಲ ಹೊಸದು ಮಾಡಿಸಿ ತರಲೇ ಎಂದು ಕೇಳಿದೆ.

"ಬ್ಯಾಡವಾ. ಅದನ್ನ ಅವ್ರು ನೋಡಿ ಹೂಂ ಅಂದಾರ. ಹೊಸಾದು ತಂದ್ರ ಹೂಂ ಅನ್ನಾವ್ರು ಯಾರದಾರ?" ಎಂದರು ಚಾಚಿ. ಆಮೇಲೆ, "ಗುರುವಾರ ಬಾ. ಇಬ್ರೂ ಕೂಡಿ ತೊಳದು ಇಡೂಣು" ಎಂದರು.

ಬರುತ್ತೇನೆ ಚಾಚಿ, ಅಂದೆ.