ತರೀಕೆರೆಯಲ್ಲಿ ಕಂಡ ನಮ್ಮ ಪ್ರೋಗ್ರಾಂ

ನಾನು ಕೆಲಸಕ್ಕೆ ಸೇರಿದ ಕಂಪನಿಯಲ್ಲಿ ಏನು ಮಾರುತ್ತಾರೆ ಅನ್ನುವುದು ನಮ್ಮಮ್ಮನಿಗೆ ಬಹಳ ದಿನ ಅರ್ಥವಾಗಲಿಲ್ಲ.

"ಅಂಗಡಿ ಇಲ್ಲ, ಗೋಡೌನ್ ಇಲ್ಲ, ಒಂದು ಲಾರಿ ಬಂದು ನಿಲ್ಲಲ್ಲ. ಅದೇನು ಮಾರ್ತಾರೆ ಕಣೇ?"

"ಪ್ರೋಗ್ರಾಂ ಅಮ್ಮ. ಕಂಪ್ಯೂಟರ್ ಹೀಗೆ ಕೆಲಸ ಮಾಡ್ಬೇಕು ಅಂತ ಅದಕ್ಕೆ ಹೇಳಿಕೊಡೋದು."

"ಕೈಗೆ ಸಿಗದೇ ಇರೋದನ್ನ ಯಾರು ಕೊಂಡ್ಕೋತಾರೆ?"

ಎಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ ಅದು. ಕಡೂರಿನಲ್ಲಿ ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಆಫೀಸು. ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ನಮ್ಮಪ್ಪ, ನಾನು ಸೇರಿದ ವಾರವೇ ಕೆಳಗಿನ ಅಂಗಡಿಯ ಬೆಂಚಿನ ಮೇಲೆ ಒಂದು ಬೆಳಗ್ಗೆ ಪೂರ್ತಿ ಕೂತು, ಮೆಟ್ಟಿಲು ಹತ್ತುವವರನ್ನೆಲ್ಲ ನೋಡಿಕೊಂಡು ಬಂದರು. ಯೂರಿಯಾ ವಿಚಾರಿಸಲು ಹೋಗಿದ್ದೆ ಅಂತ ಮನೆಯಲ್ಲಿ ಹೇಳಿದರು. ನಮಗೆ ಹೊಲವೇ ಇರಲಿಲ್ಲ.

ಕಂಪನಿಯ ಯಜಮಾನರು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದು, ಅದನ್ನು ಬಿಟ್ಟು ಊರಿಗೆ ಬಂದವರು. ಅವರ ಜೊತೆಗೆ ಮೊದಲು ಸೇರಿದವರು ಸಿಂಗಟಗೆರೆಯ ಒಬ್ಬ ಬಿ.ಎಸ್ಸಿ. ಪದವೀಧರರು. ಆಫೀಸಿನಲ್ಲಿ ಎಲ್ಲರೂ ಅವರನ್ನು ಸಿಂಗಟಗೆರೆಯವರು ಅಂತಲೇ ಕರೆಯುತ್ತಿದ್ದೆವು. ಮೂರನೆಯವಳು ನಾನು. ಇದ್ದದ್ದು ಒಂದೇ ಕಂಪ್ಯೂಟರ್. ಅದರ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು. ಇಡೀ ಕಡೂರಿನಲ್ಲಿ ಏಪ್ರಿಲ್ ತಿಂಗಳಲ್ಲೂ ತಣ್ಣಗಿದ್ದ ಕೋಣೆ ಅದೊಂದೇ ಇರಬೇಕು. ರೈಸ್ ಮಿಲ್ಲುಗಳ ದಾಸ್ತಾನು, ಹೈಸ್ಕೂಲುಗಳ ಅಂಕಪಟ್ಟಿ, ಬೀಜ ಗೊಬ್ಬರದ ಅಂಗಡಿಗಳ ಬಿಲ್ಲು, ಇವಕ್ಕೆಲ್ಲ ಪ್ರೋಗ್ರಾಂ ಬರೆಯುತ್ತಿದ್ದೆವು. ಬರೆದದ್ದನ್ನು ಫ್ಲಾಪಿಗೆ ಹಾಕಿ, ಫ್ಲಾಪಿಯನ್ನು ತಿಂಡಿ ಡಬ್ಬಿಯಲ್ಲಿಟ್ಟು, ಧೂಳು ತಾಗದ ಹಾಗೆ ತೊಡೆಯ ಮೇಲೆ ಹಿಡಿದುಕೊಂಡು ಬಸ್ಸಿನಲ್ಲಿ ತರೀಕೆರೆಗೋ ಅಜ್ಜಂಪುರಕ್ಕೋ ಹೋಗುವುದು.

ಆ ಕೆಲಸದ ಸುಖವನ್ನು ಮುಚ್ಚಿಡಬಾರದು. ಬಿ.ಕಾಂ. ಮುಗಿಸಿದ ಹುಡುಗಿಗೆ ಬ್ಯಾಂಕಿನಲ್ಲಾಗಿದ್ದರೆ ಹತ್ತು ವರ್ಷ ಸಿಗದ ಜವಾಬ್ದಾರಿ ಅಲ್ಲಿ ಹತ್ತು ತಿಂಗಳಲ್ಲಿ ಸಿಕ್ಕಿತು. ಪ್ರೋಗ್ರಾಂ ಬರೆಯುವವಳೂ ನಾನೇ, ಅಂಗಡಿಯವರಿಗೆ ಕಲಿಸುವವಳೂ ನಾನೇ, ಪ್ರಿಂಟರಿಗೆ ಕಾಗದ ಸಿಕ್ಕಿಹಾಕಿಕೊಂಡರೆ ಬಿಡಿಸುವವಳೂ ನಾನೇ. ಪರದೆಯ ಮೇಲೆ ಮೊದಲು ಏನು ಬರಬೇಕು ಅಂತ ಯಜಮಾನರು ಕೇಳಿದಾಗ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದು 'ಬನ್ನಿ, ಕೂತ್ಕೊಳ್ಳಿ' ಅಂತ ಹಾಕಿದೆ. ಅವರು ನಕ್ಕು ಹಾಗೇ ಬಿಟ್ಟರು. ಅದನ್ನು ನೋಡಿದ ಮಿಲ್ಲಿನವರು ಕಂಪ್ಯೂಟರಿನ ಎದುರು ನಿಜವಾಗಿಯೂ ಕೂರುತ್ತಿದ್ದರು. ಅಲ್ಲಿಯವರೆಗೂ ನಿಂತೇ ನೋಡುತ್ತಿದ್ದರು.

ಕಂಪನಿ ಬೆಳೆಯಿತು. ತರೀಕೆರೆಯಲ್ಲೊಂದು ಕೋಣೆ, ಅಜ್ಜಂಪುರದಲ್ಲೊಂದು ಕೋಣೆ ಬಾಡಿಗೆಗೆ ಹಿಡಿದರು. ಹೊಸಬರು ಸೇರಿದರು. ಮೊದಲು ಮೂವರೂ ಒಂದೇ ಟೇಬಲ್ಲಿನಲ್ಲಿ ಊಟಕ್ಕೆ ಕೂರುತ್ತಿದ್ದ ಕಡೆ, ಯಜಮಾನರಿಗೆ ಪ್ಲೈವುಡ್ಡಿನ ಬೇರೆ ಕೋಣೆಯಾಯಿತು. ಯಾರ ಕೆಲಸ ಯಾವುದು ಅಂತ ಯಾರಿಗೂ ಗೊತ್ತಿರಲಿಲ್ಲ. ನಾನು ಬರೆದ ಪ್ರೋಗ್ರಾಮನ್ನು ನಿನ್ನೆ ಸೇರಿದವನು ತಿದ್ದಿರುತ್ತಿದ್ದ. ಕೇಳಿದರೆ ಸಾರ್ ಹೇಳಿದ್ರು ಅನ್ನುತ್ತಿದ್ದ.

ಹೀಗಿರುವಾಗ ಒಂದು ದಿನ ತರೀಕೆರೆಯ ಮಿಲ್ಲಿನವರೊಬ್ಬರು ಬಂದು, ಯಜಮಾನರ ಕೋಣೆಯ ಬಾಗಿಲಲ್ಲೇ ನಿಂತು ಗಟ್ಟಿಯಾಗಿ ಹೇಳಿದರು. "ಏನ್ ಸ್ವಾಮಿ, ನಮ್ಮೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೂ ನಿಮ್ಮ ಪ್ರೋಗ್ರಾಂ ಕೊಟ್ಟಿದೀರಂತೆ? ಅಲ್ಲೂ 'ಬನ್ನಿ, ಕೂತ್ಕೊಳ್ಳಿ' ಅಂತ ಬತ್ತದೆ."

ನಾವು ಅಲ್ಲಿಗೆ ಕೊಟ್ಟಿರಲಿಲ್ಲ. ಅವರು ಹೋದ ಮೇಲೆ ಯಜಮಾನರು ಹೊರಗೆ ಬಂದು ನಮ್ಮೆಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು. ಮಾರನೇ ದಿನ ಫ್ಲಾಪಿಗಳ ಬೀರುವಿಗೆ ಬೀಗ ಬಿತ್ತು.

ಆಮೇಲೆ ನನ್ನನ್ನು ಕೋಣೆಗೆ ಕರೆದರು. "ನೀವು ಹಳಬರು. ನಿಮ್ಮ ಮೇಲೆ ನಂಗೆ ಅನುಮಾನ ಇಲ್ಲ. ಉಳಿದವರ ಮೇಲೆ ಒಂದು ಕಣ್ಣಿಟ್ಟಿರಿ," ಅಂದರು. ಆ ಮಾತು ಕೇಳಿ ಮೊದಲು ಹೆಮ್ಮೆಯಾಯಿತು. ಮಧ್ಯಾಹ್ನ ಸಿಂಗಟಗೆರೆಯವರು ಕೋಣೆಗೆ ಹೋಗಿ ಬಂದರು. ಆಮೇಲೆ ಇನ್ನೊಬ್ಬರು. ಹೊರಗೆ ಬಂದವರೆಲ್ಲ ನನ್ನ ಕಡೆ ನೋಡುವ ರೀತಿಯಲ್ಲೇ ಗೊತ್ತಾಯಿತು, ಎಲ್ಲರಿಗೂ ಅದೇ ಮಾತು ಹೇಳಿದ್ದರು.

ಅಂದಿನಿಂದ ಆಫೀಸಿನ ಗಾಳಿಯೇ ಬದಲಾಯಿತು. ಯಾರಾದರೂ ಹಿಂದೆ ಬಂದು ನಿಂತರೆ ಪರದೆ ಖಾಲಿ ಮಾಡುವುದು, ಫೋನಿನಲ್ಲಿ ದನಿ ತಗ್ಗಿಸುವುದು, ಊಟದ ಡಬ್ಬಿ ಬಿಚ್ಚುವುದಕ್ಕೂ ಗೋಡೆಯ ಕಡೆ ತಿರುಗುವುದು. ನನಗೆ ಅನುಮಾನವಿದ್ದದ್ದು ಸಿಂಗಟಗೆರೆಯವರ ಮೇಲೆ. ತರೀಕೆರೆಯಲ್ಲಿ ಆ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬೀದಿಗೆ ಅವರು ತಿರುಗಿಕೊಳ್ಳುವುದನ್ನು ಎರಡು ಸಲ ಬಸ್ಸಿನ ಕಿಟಕಿಯಿಂದ ನೋಡಿದ್ದೆ. ಆದರೂ ಯಜಮಾನರಿಗೆ ಹೇಳಲಿಲ್ಲ. ಕಂಡದ್ದನ್ನು ಹೇಳಿದರೆ ಅದೇ ನನ್ನ ಕೆಲಸವಾಗಿಬಿಡುತ್ತದೆ ಅನ್ನಿಸಿತ್ತು.

ಒಂದು ಸಂಜೆ ಹೊರಡುವ ಹೊತ್ತಿಗೆ ಯಜಮಾನರು ಬಾಗಿಲಲ್ಲಿ ನಿಂತು, "ಎಲ್ಲರ ಬ್ಯಾಗೂ ನೋಡ್ಬೇಕು, ತಪ್ಪು ತಿಳೀಬೇಡಿ," ಅಂದರು. ಮೊದಲು ಕೈ ಚಾಚಿದ್ದೇ ಸಿಂಗಟಗೆರೆಯವರ ಬ್ಯಾಗಿಗೆ. ಅದರಲ್ಲಿ ಒಂದು ಟವಲ್ಲು, ಖಾಲಿ ಡಬ್ಬಿ, ಅವರ ತಾಯಿಗೆ ಕೊಂಡ ಮಾತ್ರೆ ಇತ್ತು. ಎಲ್ಲವನ್ನೂ ಟೇಬಲ್ಲಿನ ಮೇಲೆ ಹರಡಿದರು. ಸಿಂಗಟಗೆರೆಯವರು ಒಂದೊಂದಾಗಿ ವಾಪಸ್ ತುಂಬಿಕೊಂಡರು.

"ನಾಳೆಯಿಂದ ಬರಲ್ಲ ಸಾರ್."

"ಹಂಗ್ಯಾಕ್ರೀ ಅಂತೀರಿ?"

"ಇನ್ನೇನು ಅನ್ನಲಿ?" ಅಂದು ಮೆಟ್ಟಿಲಿಳಿದು ಹೋದರು. ನಮ್ಮ ಬ್ಯಾಗುಗಳನ್ನು ಯಜಮಾನರು ಆ ದಿನ ನೋಡಲಿಲ್ಲ.

ಅವರು ಹೋದದ್ದೇ ಸಾಕ್ಷಿ ಅಂತ ಎಲ್ಲರೂ ತೀರ್ಮಾನಿಸಿದರು. ಅವರು ಕೂರುತ್ತಿದ್ದ ಕುರ್ಚಿ, ಅವರ ಜವಾಬ್ದಾರಿ ಎರಡೂ ನನಗೆ ಬಂದವು. ಮೂರೂ ಊರಿನ ಕೆಲಸ ನೋಡಿಕೊಳ್ಳುವ ಹುದ್ದೆ. ಮನೆಯಲ್ಲಿ ಸಂತೋಷಪಟ್ಟರು. ಆಫೀಸಿನಲ್ಲಿ ಮಾತ್ರ ನಾನು ಕೋಣೆಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಒಂದು ದಿನ ಹೊಸದಾಗಿ ಸೇರಿದ್ದ ಹುಡುಗಿ, ತಮಾಷೆಗೆ ಅನ್ನುವ ಹಾಗೆ, "ನಿಮ್ಮ ತಂಟೆಗೆ ಬಂದ್ರೆ ಬ್ಯಾಗ್ ತೆಗೆಸ್ತೀರಂತೆ ಅಲ್ವಾ ಮೇಡಂ?" ಅಂದಳು. ಕುರ್ಚಿಯ ಆಸೆಗೆ ನಾನೇ ಸಿಂಗಟಗೆರೆಯವರನ್ನು ಸಿಕ್ಕಿಹಾಕಿಸಿದೆ ಅಂತ ಅವರೆಲ್ಲ ನಂಬಿದ್ದರು.

ಮಾರನೇ ದಿನವೇ ತರೀಕೆರೆಗೆ ಹೋದೆ. ಅಷ್ಟು ದಿನ ಯಜಮಾನರೂ ಸೇರಿ ನಮ್ಮಲ್ಲಿ ಒಬ್ಬರೂ ಆ ಇನ್‌ಸ್ಟಿಟ್ಯೂಟಿಗೆ ಹೋಗಿ ನೋಡಿರಲಿಲ್ಲ. ಟೈಪಿಂಗ್ ಕಲಿಯಲು ಬಂದವಳ ಹಾಗೆ ಒಳಗೆ ಹೋದೆ. ಸಾಲಾಗಿ ಟೈಪ್‌ರೈಟರುಗಳು, ಮೂಲೆಯಲ್ಲಿ ಬಟ್ಟೆ ಹೊದಿಸಿದ ಕಂಪ್ಯೂಟರ್. ಅಲ್ಲಿನ ಮಾಲೀಕರು ಉತ್ಸಾಹದಿಂದ ಬಟ್ಟೆ ತೆಗೆದು, "ಇದನ್ನೂ ಕಲಿಸ್ತೀವಿ ಕಣಮ್ಮಾ, ನೋಡಿ," ಅಂತ ಸ್ವಿಚ್ ಹಾಕಿದರು. 'ಬನ್ನಿ, ಕೂತ್ಕೊಳ್ಳಿ' ಬಂತು. ನಮ್ಮ ಪ್ರೋಗ್ರಾಮಿನಲ್ಲಿ ಅದಾದ ಮೇಲೆ ಗಿರಾಕಿಯ ಅಂಗಡಿಯ ಹೆಸರು ಬರುತ್ತದೆ. ಅಲ್ಲಿ ಬಂದದ್ದು ನಮ್ಮ ಗಿರಾಕಿಯಾಗಿದ್ದ ಅಜ್ಜಂಪುರದ ಒಂದು ಬೀಜ ಗೊಬ್ಬರದ ಅಂಗಡಿಯ ಹೆಸರು.

ತರೀಕೆರೆಯಿಂದ ನೇರ ಅಜ್ಜಂಪುರದ ಬಸ್ಸು ಹತ್ತಿದೆ. ಆ ಅಂಗಡಿಯ ಯಜಮಾನರು ವಿಭೂತಿ ಹಚ್ಚಿ ಗಾದಿಯ ಮೇಲೆ ಕೂತಿದ್ದ ವಯಸ್ಸಾದವರು. ಕೇಳಿದ ತಕ್ಷಣ ಒಪ್ಪಿಕೊಂಡರು.

"ಹೌದು ಕಣಮ್ಮಾ, ನಾನೇ ಕೊಟ್ಟಿದ್ದು. ಟೈಪಿಂಗಿನವರು ನಮ್ಮ ಬೀಗರು. ಕಾಪಿ ಹೊಡೆದು ಇಟ್ಕೊಳಪ್ಪಾ, ನಿನ್ನ ಪೆಟ್ಟಿಗೇಲೂ ಓಡ್ತದೋ ಇಲ್ವೋ ನೋಡು ಅಂದೆ."

"ಯಾಕೆ ಅಜ್ಜಾರೆ? ಕೆಟ್ಟರೆ ನಾವು ಬಂದು ಸರಿ ಮಾಡಲ್ವೇ?"

"ಇವತ್ತು ಬತ್ತೀರಿ. ಒಂದೂರಲ್ಲಿದ್ದೋರು ಮೂರೂರು ಆದ್ರಿ. ನಾಳೆ ಇನ್ನೂ ದೊಡ್ಡೋರಾದ್ರೆ ಈ ಅಜ್ಜಂಪುರ ನೆನಪಿರ್ತದಾ? ನನ್ನ ಅಂಗಡಿ ಲೆಕ್ಕ ಎಲ್ಲಾ ಆ ಪೆಟ್ಟಿಗೇಲಿ ಕೂತದೆ. ನಿಮ್ಮನ್ನ ನಂಬ್ಕೊಂಡು ಕೂರೋಕಾಗ್ತದಾ?"

ಅವರಿಗೆ ಇದು ಕದ್ದ ಹಾಗೆ ಅನ್ನಿಸಿಯೇ ಇರಲಿಲ್ಲ. ಕೊಂಡ ಬೀಜದಲ್ಲಿ ಒಂದು ಹಿಡಿ ಬೇರೆ ಎತ್ತಿಟ್ಟ ಹಾಗೆ, ಅಷ್ಟೇ.

ಕಡೂರಿಗೆ ಬಂದು ಯಜಮಾನರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಈಗ ಅವರನ್ನ ವಾಪಸ್ ಕರೆದ್ರೆ, ಉಳಿದವರು ನನ್ನ ಬಗ್ಗೆ ಏನಂದ್ಕೋತಾರೆ?" ಅಂದರು.

"ಈಗ ನನ್ನ ಬಗ್ಗೆ ಅಂದ್ಕೋತಿದಾರಲ್ಲ ಸಾರ್, ಅದು?" ಅಂದೆ. ಎಲ್ಲರ ಮುಂದೆ ನಿಜ ಹೇಳದಿದ್ದರೆ ಆ ಕುರ್ಚಿಯಲ್ಲಿ ನಾನು ಕೂರುವುದಿಲ್ಲ ಅಂತಲೂ ಹೇಳಿದೆ. ಸೋಮವಾರ ಯಜಮಾನರು ಎಲ್ಲರನ್ನೂ ಕರೆದು ನಿಜ ಹೇಳಿದರು. ಆಮೇಲೆ ಯಾರ ಬ್ಯಾಗನ್ನೂ ನೋಡಲಿಲ್ಲ. ಬೀರುವಿನ ಬೀಗ ಮಾತ್ರ ಉಳಿಯಿತು.

ಮುಂದಿನ ಭಾನುವಾರ ಅಪ್ಪನನ್ನು ಕರೆದುಕೊಂಡು ಸಿಂಗಟಗೆರೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ತೆಂಗಿನಕಾಯಿ ಸುಲಿಯುವವರ ಜೊತೆ ಮಾತಾಡುತ್ತಿದ್ದರು. ನಮ್ಮನ್ನು ಕಂಡು ಎದ್ದು ನಿಂತರು, ನಗಲಿಲ್ಲ. ನಡೆದದ್ದೆಲ್ಲ ಹೇಳಿದ ಮೇಲೆ, "ನೀವೇ ಚಾಡಿ ಹೇಳಿದೀರಿ ಅಂದ್ಕೊಂಡಿದ್ದೆ ಕಣ್ರೀ," ಅಂದರು. "ತರೀಕೆರೆ ಬೀದೀಲಿ ಬಸ್ಸಿಂದ ನನ್ನ ನೋಡಿದ್ರಲ್ಲ. ಅಲ್ಲಿ ನಮ್ಮಕ್ಕನ ಮನೆ."

"ನಾನೂ ನೀವೇ ಅಂದ್ಕೊಂಡಿದ್ದೆ. ಆದ್ರೆ ಹೇಳಿರಲಿಲ್ಲ."

ಅವರ ತಾಯಿ ಎಳನೀರು ತಂದುಕೊಟ್ಟರು. ಅಪ್ಪ ತೋಟದ ವಿಚಾರ ತೆಗೆದರು. ಆಮೇಲೆ ಕೆಲಸದ ಮಾತು ಬರಲಿಲ್ಲ.

ಯಜಮಾನರು ಸ್ಕೂಟರಿನಲ್ಲಿ ತಾವೇ ಹೋಗಿ ಕರೆದರೂ ಸಿಂಗಟಗೆರೆಯವರು ವಾಪಸ್ ಬರಲಿಲ್ಲ. ಅಜ್ಜಂಪುರದ ಆ ಅಜ್ಜನ ಅಂಗಡಿ, ಇನ್ನೆರಡು ಅಂಗಡಿಗಳಿಗೆ ಸ್ವಂತವಾಗಿ ಪ್ರೋಗ್ರಾಂ ಬರೆದುಕೊಡಲು ಶುರು ಮಾಡಿದರು. ನಾನು ಆ ಕಂಪನಿಯಲ್ಲೇ ಇನ್ನೂ ಕೆಲವು ವರ್ಷ ಇದ್ದೆ. ಅಲ್ಲಿ ಕಲಿತಷ್ಟು ಬೇರೆಲ್ಲೂ ಕಲಿಯಲಿಲ್ಲ. ಅಪರೂಪಕ್ಕೆ ಸಿಂಗಟಗೆರೆಯವರು ಫೋನ್ ಮಾಡಿ, ಎಲ್ಲೋ ಸಿಕ್ಕಿಹಾಕಿಕೊಂಡ ಪ್ರೋಗ್ರಾಮಿನ ಬಗ್ಗೆ ಕೇಳುತ್ತಿದ್ದರು. ಗೊತ್ತಿದ್ದದ್ದನ್ನು ಹೇಳಿಕೊಡುತ್ತಿದ್ದೆ. ಹೇಳುವ ಮೊದಲು, ಕೋಣೆಯಲ್ಲಿ ಯಾರಿದ್ದಾರೆ ಅಂತ ಒಂದು ಸಲ ತಿರುಗಿ ನೋಡುತ್ತಿದ್ದೆ.