ಅಲ್ಲಾಡಬೇಡಿ ಶಶಿರೇಖಾ

ಮೊಳಕಾಲ್ಮೂರಿನ ಬೇಸಿಗೆ ಶಿಬಿರದಲ್ಲಿ ಮಣ್ಣಿನ ಗೊಂಬೆಗಳಿಂದ ಸಿನಿಮಾ ಮಾಡುವುದನ್ನು ಕಲಿತು, ಶಿಬಿರದವರ ಕ್ಯಾಮೆರಾ ಮನೆಗೆ ತಂದಾಗಿನಿಂದ ಶಶಿರೇಖಾಳ ಬಾಯಲ್ಲಿ ಒಂದೇ ಮಾತು: "ಅಲ್ಲಾಡಬ್ಯಾಡ್ರಿ!" ಗೊಂಬೆಯನ್ನು ಎಳ್ಳುಕಾಳಷ್ಟು ಸರಿಸಬೇಕು, ಫೋಟೊ ಹೊಡೆಯಬೇಕು, ಮತ್ತೆ ಎಳ್ಳುಕಾಳಷ್ಟು ಸರಿಸಬೇಕು, ಆ ಒಂದೇ ಕೋಣೆಯ ಮನೆಯಲ್ಲಿ ಯಾರ ನೆರಳು ಆಡಿದರೂ ಕೆಲಸ ಕೆಟ್ಟಂತೆಯೇ. ಹಾಗಾಗಿ ಅವ್ವ ಪಾಲಮ್ಮ ಮುದ್ದೆ ಕೋಲು ಹಿಡಿದು ಕಲ್ಲಾಗುತ್ತಾಳೆ, ಅಪ್ಪ ಹೊಸ್ತಿಲ ಮೇಲೆ ಒಂಟಿಕಾಲಲ್ಲಿ ತಪಸ್ಸಿಗೆ ನಿಲ್ಲುತ್ತಾನೆ, ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ನೆರೆಯವಳು ಮಜ್ಜಿಗೆ ಮರೆತು ಉಸಿರು ಹಿಡಿಯುತ್ತಾಳೆ. "ಇವಳ ಸಿನ್ಮಾ ಮುಗಿಯೋದ್ರಾಗೆ ನಾವೇ ಗೊಂಬೆ ಆಗ್ತೀವಿ" ಎಂದು ಪಾಲಮ್ಮ ಗೊಣಗುತ್ತಾಳೆ, ಅದೂ ತುಟಿ ಅಲ್ಲಾಡಿಸದೆ. ಸಿನಿಮಾ ಊರಿನ ರೇಷ್ಮೆ ಸೀರೆಯದು. ಮಗ್ಗದ ಮುಂದೆ ಕೂತ ಗೊಂಬೆ ಅವಳ ತಾತ. ಬಲಗೈಗೆ ನಡುಕ ಬಂದ ಮೇಲೆ ತಾತ ಮಗ್ಗ ಬಿಟ್ಟಿದ್ದಾನೆ. ಮೊದಲ ದಿನ ಮೊಮ್ಮಗಳ ಕೂಗು ಕೇಳಿ ಅವನೂ ಆ ಕೈಯನ್ನು ತೊಡೆಯಡಿ ಅದುಮಿಕೊಂಡು ಕೂತಿದ್ದ. ಶಶಿರೇಖಾ ಹೋಗಿ ಅದನ್ನು ಮೆಲ್ಲಗೆ ಹೊರಗೆಳೆದಳು. "ನೀನು ಅಲ್ಲಾಡು ತಾತಾ, ನಾನು ನೋಡ್ಕೊಂಡು ಮಾಡ್ಬೇಕು" ಎಂದಳು. ಅವಳ ಸಿನಿಮಾದಲ್ಲಿ ಗೊಂಬೆಯ ಬಲಗೈ ನಡುಗುತ್ತದೆ. ನಡುಗುತ್ತಲೇ ಸೀರೆ ನೇಯುತ್ತದೆ.